ಓದದ ಪುಸ್ತಕಕ್ಕೆ ತೀರ್ಪು: ಹ್ಯಾರಿ ಪಾಟರ್ ಬಗ್ಗೆ ವಿಶ್ವಾಸಿಗಳು ಹೇಳಿದ್ದು

ಪಾಲಕರು ಮತ್ತು ಯೌವನಸ್ಥರ ಸಂಯುಕ್ತ ಅಧ್ಯಯನ
ಓದುವ ಭಾಗ: ಜ್ಞಾನೋಕ್ತಿಗಳು 18:13, ಅಪೊಸ್ತಲರ ಕೃತ್ಯಗಳು 19:18-20

  ಮುಂದೆ ಜಾಗ ಇದೆ, ಯೌವನಸ್ಥರು ಮುಂದೆ ಬನ್ನಿ. ಇವತ್ತಿನ ಪಾಠ ನಿಮ್ಮ ಬಗ್ಗೆ ಇದೆ ಅಂತ ನಿಮ್ಮ ಅಪ್ಪ ಅಮ್ಮ ಅಂದುಕೊಂಡಿದ್ದಾರೆ. ಅಲ್ಲ. ಮೊದಲು ನನ್ನ ಬಗ್ಗೆ ಇದೆ.

ಹೋದ ವರ್ಷ ಯೌವನಸ್ಥರ ಕೂಟದಲ್ಲಿ ನಾನು ಹ್ಯಾರಿ ಪಾಟರ್ ಪುಸ್ತಕದ ವಿರುದ್ಧ ಮಾತಾಡಿದೆ. ಅದು ಮಕ್ಕಳಿಗೆ ಮಾಟ ಕಲಿಸೋ ಪುಸ್ತಕ, ಮನೆಯಲ್ಲಿ ಇದ್ದರೆ ತೆಗೆದು ಬಿಸಾಕಿ ಅಂದೆ. ಎಲ್ಲರೂ ಆಮೆನ್ ಅಂದ್ರು. ಹಿಂದಿನ ಸಾಲಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. "ಅಂಕಲ್, ನೀವು ಓದಿದ್ದೀರಾ?"

ನಾನು ಏನು ಹೇಳಿದೆ ಗೊತ್ತಾ? "ವಿಷ ಅಂತ ಗೊತ್ತಾಗೋಕೆ ಕುಡಿದೇ ನೋಡ್ಬೇಕಾ ಮಗಳೇ?" ಎಲ್ಲರೂ ನಕ್ಕರು. ಇನ್ನೊಂದು ಆಮೆನ್ ಬಂತು. ಆ ಹುಡುಗಿ ಕೂತುಕೊಳ್ಳಲಿಲ್ಲ. "ಯಾರಾದ್ರೂ ಲ್ಯಾಬಲ್ಲಿ ಟೆಸ್ಟ್ ಮಾಡಿ ವಿಷ ಅಂತ ಹೇಳಿರ್ತಾರಲ್ಲ ಅಂಕಲ್. ನಮ್ಮ ಸಭೇಲಿ ಯಾರು ಮಾಡಿದ್ದಾರೆ?" ಅಂದಳು.

ಉತ್ತರ ಇರಲಿಲ್ಲ. ಮುಕ್ತಾಯದ ಹಾಡು ಶುರು ಮಾಡಿಸಿಬಿಟ್ಟೆ. ಉತ್ತರ ಇಲ್ಲದಾಗ ನಾವು ಪಾಸ್ಟರುಗಳು ಮಾಡೋ ಕೆಲಸ ಅದೇ. ಆ ರಾತ್ರಿ ಮನೆಗೆ ಹೋಗಿ ಕೂತಾಗ ಜ್ಞಾನೋಕ್ತಿ 18:13 ನನ್ನನ್ನು ಹಿಡೀತು. ಎದುರಿನವನ ಮಾತು ಮುಗಿಯೋ ಮೊದಲೇ ಬಾಯಿ ಹಾಕೋನಿಗೆ ಸೊಲೊಮೋನ ಏನು ಹೆಸರಿಡ್ತಾನೆ ಅಂತ ನಿಮ್ಮ ನಿಮ್ಮ ಸತ್ಯವೇದದಲ್ಲಿ ನೀವೇ ನೋಡಿಕೊಳ್ಳಿ. ನಾನು ಜೋರಾಗಿ ಓದೋದಿಲ್ಲ, ನನಗೆ ನಾಚಿಕೆ ಆಗ್ತದೆ.

ಹಾಗಾಗಿ ಓದಿದೆ. ಏಳು ಪುಸ್ತಕ. ನನ್ನ ಇಂಗ್ಲಿಷು ನಿಮಗೆ ಗೊತ್ತು, ಫೋನಿನಲ್ಲಿ ಡಿಕ್ಷನರಿ ಇಟ್ಟುಕೊಂಡು ಎಂಟು ತಿಂಗಳು ಹಿಡೀತು. "ಪ್ರಸಂಗ ತಯಾರಿ ಮಾಡುವಾಗ ಕಣ್ಣು ಉರೀತದೆ ಅಂತೀರಿ, ಇದಕ್ಕೆ ಉರಿಯಲ್ವಾ?" ಅಂತ ನಿಮ್ಮ ಪಾಸ್ಟರಮ್ಮ ಕೇಳಿದ್ದೂ ಆಯ್ತು. ಪುಸ್ತಕದ ಜೊತೆಗೆ ಅದನ್ನು ಓದಿದವರು, ಓದದೇ ಇದ್ದವರು, ವಿಶೇಷವಾಗಿ ನಮ್ಮ ಹಾಗೆ ಯೇಸುವಿನ ಹೆಸರು ಹೇಳುವವರು ಅದರ ಬಗ್ಗೆ ಏನೇನು ಹೇಳಿದ್ದಾರೆ ಅಂತಲೂ ಹುಡುಕಿ ಓದಿದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡ್ತೇನೆ.

ಗೊತ್ತಿಲ್ಲದ ಹಿರಿಯರಿಗಾಗಿ ಕಥೆ ಎರಡು ಮಾತಿನಲ್ಲಿ. ಹ್ಯಾರಿ ಅನ್ನೋ ಹುಡುಗ ಒಂದು ವರ್ಷದ ಕೂಸಾಗಿದ್ದಾಗ ವೊಲ್ಡೆಮಾರ್ಟ್ ಅನ್ನೋ ದುಷ್ಟ ಅವನ ತಂದೆ ತಾಯಿಯನ್ನು ಕೊಲ್ತಾನೆ. ತಾಯಿ ಮಗುವಿಗೆ ಅಡ್ಡ ನಿಂತು ಸಾಯ್ತಾಳೆ, ಅದರಿಂದ ಮಗು ಉಳೀತದೆ. ದೊಡ್ಡಮ್ಮ ದೊಡ್ಡಪ್ಪನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೆಳೀತಾನೆ. 11 ವರ್ಷ ತುಂಬಿದಾಗ ತಾನು ಮಾಂತ್ರಿಕರ ಕುಲದವನು ಅಂತ ಗೊತ್ತಾಗಿ, ಮಾಂತ್ರಿಕರ ಶಾಲೆಗೆ ಹೋಗ್ತಾನೆ. ಏಳು ವರ್ಷ, ಏಳು ಪುಸ್ತಕ. ಕೊನೆಗೆ ಆ ದುಷ್ಟನ ಎದುರು ನಿಲ್ಲಬೇಕಾಗ್ತದೆ. ಬರೆದವರು ಜೆ. ಕೆ. ರೌಲಿಂಗ್. ಮೊದಲ ಪುಸ್ತಕ 1997ರ ಜೂನ್‌ನಲ್ಲಿ ಲಂಡನ್‌ನಲ್ಲಿ ಬಂದಾಗ ಗಟ್ಟಿ ರಟ್ಟಿನ ಪ್ರತಿಗಳು ಬರೀ 500. ಕೊನೆಯದು 2007ರ ಜುಲೈನಲ್ಲಿ ಬರುವ ಹೊತ್ತಿಗೆ ಜನ ರಾತ್ರಿ ಹನ್ನೆರಡಕ್ಕೆ ಅಂಗಡಿ ಮುಂದೆ ಸಾಲು ನಿಂತಿದ್ದರು.

ಪುಸ್ತಕ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಜಗಳ ಜೋರಾಗಿದ್ದು ಅಮೆರಿಕದಲ್ಲಿ. ಅಲ್ಲಿ ಗ್ರಂಥಾಲಯಗಳ ಸಂಘದವರು ಪ್ರತಿ ವರ್ಷ ಒಂದು ಪಟ್ಟಿ ಮಾಡ್ತಾರೆ: ಯಾವ ಪುಸ್ತಕವನ್ನು ತೆಗೆಯಿರಿ ಅಂತ ಹೆಚ್ಚು ದೂರು ಬಂತು ಅಂತ. 1999ರಿಂದ 2002ರ ತನಕ ನಾಲ್ಕು ವರ್ಷವೂ ಮೊದಲ ಸ್ಥಾನ ಹ್ಯಾರಿ ಪಾಟರ್‌ಗೆ. 2000ದಿಂದ 2009ರ ಹತ್ತು ವರ್ಷ ಕೂಡಿಸಿ ನೋಡಿದ್ರೂ ಮೊದಲ ಸ್ಥಾನ ಅದಕ್ಕೇ. ದೂರು ಕೊಟ್ಟವರಲ್ಲಿ ಬಹಳ ಜನ ನಮ್ಮವರೇ, ಪ್ರಾರ್ಥನೆ ಮಾಡೋ ತಂದೆ ತಾಯಂದಿರು. ಅವರ ಭಯವನ್ನು ನಾನು ಹಗುರ ಮಾಡೋದಿಲ್ಲ. ಧರ್ಮೋಪದೇಶಕಾಂಡ 18ನೇ ಅಧ್ಯಾಯ 10ರಿಂದ 12 ಓದಿದವರಿಗೆ ಆ ಭಯ ಬರಲೇಬೇಕು. ಕಣಿ, ಶಕುನ, ಮಾಟ, ಸತ್ತವರನ್ನು ಕರೆಸಿ ಕೇಳೋದು, ಎಲ್ಲವನ್ನೂ ಕರ್ತನು ಅಲ್ಲಿ ಹೆಸರು ಹಿಡಿದು ಬೇಡ ಅಂದಿದ್ದಾನೆ.

ಆದ್ರೆ ಈಗ ಹೇಳೋದನ್ನು ಗಮನಿಸಿ. 2001ರ ಡಿಸೆಂಬರ್ 30ನೇ ತಾರೀಕು ನ್ಯೂ ಮೆಕ್ಸಿಕೊ ರಾಜ್ಯದ ಅಲಮಗೋರ್ಡೊ ಅನ್ನೋ ಊರಿನಲ್ಲಿ ಒಂದು ಸಭೆಯವರು ಬೆಂಕಿ ಹಾಕಿ ಈ ಪುಸ್ತಕಗಳನ್ನು ಸುಟ್ಟರು. ಎದುರುಗಡೆ ಬೇರೆ ಜನ ಪ್ರತಿಭಟನೆ ಮಾಡ್ತಾ ನಿಂತಿದ್ದರು, ಪತ್ರಿಕೆಯವರು ಬಂದಿದ್ದರು, ಪ್ರಪಂಚಕ್ಕೆಲ್ಲ ಸುದ್ದಿಯಾಯ್ತು. ಆ ಸಭೆಯ ಪಾಸ್ಟರ್ ಒಪ್ಪಿಕೊಂಡ ಒಂದು ಮಾತಿದೆ: ಆ ಪುಸ್ತಕಗಳಲ್ಲಿ ಒಂದನ್ನೂ ತಾನು ಓದಿಲ್ಲ ಅಂತ. ಮುಂದೆ ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ತಾಯಿ ಶಾಲೆಗಳಿಂದ ಈ ಪುಸ್ತಕ ತೆಗೆಸೋಕೆ ಸುಮಾರು ಎರಡು ವರ್ಷ ಹೋರಾಡಿದರು, ಕೋರ್ಟಿನ ತನಕ ಹೋದರು, ಸೋತರು. ಅವರೂ ಪೂರ್ತಿ ಓದಿರಲಿಲ್ಲ, ತುಂಬಾ ಉದ್ದ ಇವೆ ಅಂದಿದ್ದರು. ಅರ್ಕನ್ಸಾ ರಾಜ್ಯದ ಸೀಡರ್‌ವಿಲ್ ಊರಿನಲ್ಲಿ ಶಾಲಾ ಮಂಡಳಿ 2002ರಲ್ಲಿ 3ಕ್ಕೆ 2 ಮತದಿಂದ, ತಂದೆ ತಾಯಿ ಸಹಿ ಹಾಕಿದರೆ ಮಾತ್ರ ಗ್ರಂಥಾಲಯದಲ್ಲಿ ಈ ಪುಸ್ತಕ ಕೊಡಬೇಕು ಅಂತ ಮಾಡಿತು. ಮರು ವರ್ಷ ನ್ಯಾಯಾಧೀಶರು ವಾಪಸ್ ಕಪಾಟಿನಲ್ಲಿ ಇಡಿಸಿದರು.

ಇನ್ನೊಂದು ಹೇಳ್ಬೇಕು, ಇದು ನನಗೇ ನೇರವಾಗಿ ತಗಲುವಂಥದ್ದು. ಅಮೆರಿಕದಲ್ಲಿ ದಿ ಆನಿಯನ್ ಅಂತ ಒಂದು ಪತ್ರಿಕೆ. ಅದರ ಕೆಲಸವೇ ಸುಳ್ಳು ಸುದ್ದಿ ಬರೆದು ನಗಿಸೋದು, ವಿಡಂಬನೆ. 2000ದಲ್ಲಿ ಅವರು ತಮಾಷೆಗೆ ಬರೆದರು, ಹ್ಯಾರಿ ಪಾಟರ್ ಓದಿ ಮಕ್ಕಳು ಗುಂಪು ಗುಂಪಾಗಿ ಸೈತಾನನ ಆರಾಧನೆಗೆ ಸೇರ್ತಿದ್ದಾರೆ ಅಂತ. ವಿಶ್ವಾಸಿಗಳು ಅದನ್ನು ನಿಜ ಅಂತ ನಂಬಿ ಈಮೇಲ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದರು. ಅದರಲ್ಲಿದ್ದ ಕಲ್ಪನೆಯ ಮಾತುಗಳನ್ನು ಸಾಕ್ಷಿ ಅಂತ ಪ್ರಸಂಗಗಳಲ್ಲಿ ಬಳಸಿದವರೂ ಇದ್ದಾರೆ. ಆ ದಿನಗಳಲ್ಲಿ ಪಾಸ್ಟರುಗಳ ಸಹವಾಸ ಕೂಟದಲ್ಲಿ ನನ್ನ ಕೈಗೂ ಒಂದು ಜೆರಾಕ್ಸ್ ಪ್ರತಿ ಬಂತು. ನಾನು ಅದನ್ನು ಸತ್ಯವೇದದೊಳಗೆ ಮಡಚಿಟ್ಟುಕೊಂಡು ವರ್ಷಗಟ್ಟಲೆ ಪ್ರಸಂಗ ಮಾಡಿದೆ. ಲೋಕದವರ ಜೋಕನ್ನು ದೇವರ ಪೀಠದಿಂದ ಸತ್ಯ ಅಂತ ಹೇಳಿದೆ. ಈಗ ವಾಟ್ಸಾಪಲ್ಲಿ ಬಂದದ್ದನ್ನೆಲ್ಲ ಸಭೆಯ ಗ್ರೂಪಿಗೆ ದೂಡೋ ಸಹೋದರರೇ, ನಗಬೇಡಿ.

ಹಾಗಾದ್ರೆ ಓದಿದ ವಿಶ್ವಾಸಿಗಳು ಏನು ಹೇಳಿದರು? ಅವರಲ್ಲೂ ಒಂದೇ ಮಾತಿಲ್ಲ. ನಿಕ್ಸನ್ ಸರ್ಕಾರದಲ್ಲಿದ್ದು, ಜೈಲಿಗೆ ಹೋಗಿ, ಆಮೇಲೆ ಜೈಲುಗಳಲ್ಲೇ ಸೇವೆ ಮಾಡಿದ ಚಕ್ ಕೋಲ್ಸನ್ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅವರು 1999ರಲ್ಲಿ ರೇಡಿಯೊದಲ್ಲಿ ಹೇಳಿದ್ದರ ಸಾರ ಇಷ್ಟು: ಈ ಕಥೆಯ ಮಾಂತ್ರಿಕರು ಯಾವ ಆತ್ಮವನ್ನೂ ಕರೆಯೋದಿಲ್ಲ, ಅದು ಯಂತ್ರ ತಿರುಗಿಸಿದ ಹಾಗೆ. ಮುಂದೆ ಅವರು ಅಷ್ಟು ಉತ್ಸಾಹ ತೋರಿಸಲಿಲ್ಲ, ಅದನ್ನೂ ಹೇಳ್ಬೇಕು. ಬಿಲ್ಲಿ ಗ್ರಹಾಂ ಶುರು ಮಾಡಿದ ಕ್ರಿಶ್ಚಿಯಾನಿಟಿ ಟುಡೇ ಪತ್ರಿಕೆ 2000ದ ಜನವರಿಯಲ್ಲಿ ಈ ಪುಸ್ತಕಗಳು ನಮಗೆ ಇಷ್ಟ ಅಂತಲೇ ಸಂಪಾದಕೀಯ ಬರೆಯಿತು. ಇನ್ನೊಂದು ಕಡೆ, ಮುಂದೆ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್‌ಸಿಂಗರ್. 2003ರಲ್ಲಿ ಈ ಪುಸ್ತಕಗಳನ್ನು ವಿರೋಧಿಸಿ ಬರೆದ ಜರ್ಮನ್ ಲೇಖಕಿಗೆ ಅವರು ಮೆಚ್ಚುಗೆಯ ಪತ್ರ ಬರೆದರು. ಮಗುವಿನ ಮನಸ್ಸಿನಲ್ಲಿ ನಂಬಿಕೆ ಬೇರು ಬಿಡೋ ಮೊದಲೇ ಇಂಥ ಕಥೆ ಗೊತ್ತಾಗದ ಹಾಗೆ ಅದನ್ನು ಸೊಟ್ಟ ಮಾಡಬಹುದು ಅನ್ನೋದು ಅವರ ಆತಂಕ. ಇದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. ಮಗು ಮಂತ್ರದ ಕೋಲು ಹಿಡಿದು ಮಾಟಗಾರ ಆಗ್ತದೆ ಅನ್ನೋದಕ್ಕಿಂತ ಇದು ತೂಕದ ಮಾತು.

ಬರೆದಾಕೆಯೇ ಏನಂತಾರೆ? ಏಳೂ ಪುಸ್ತಕ ಬಂದ ಮೇಲೆ, 2007ರ ಅಕ್ಟೋಬರಿನಲ್ಲಿ, ಕ್ರೈಸ್ತ ನಂಬಿಕೆಯ ನೆರಳು ಈ ಕಥೆಯಲ್ಲಿ ಇರೋದು ತನಗೆ ಮೊದಲಿಂದ ಸ್ಪಷ್ಟವಾಗಿತ್ತು ಅಂದರು. ಮೊದಲೇ ಹೇಳಿದ್ದರೆ ಕಥೆ ಎಲ್ಲಿಗೆ ಹೋಗ್ತದೆ ಅಂತ ಓದುಗರಿಗೆ ಗೊತ್ತಾಗಿಬಿಡ್ತಿತ್ತಂತೆ. ತನ್ನ ನಂಬಿಕೆಯಲ್ಲಿ ಹೋರಾಟ ಇದೆ ಅಂತಲೂ ಆಕೆ ಮುಚ್ಚಿಡಲಿಲ್ಲ. ಏಳನೇ ಪುಸ್ತಕದಲ್ಲಿ ಹ್ಯಾರಿ ತನ್ನ ತಂದೆ ತಾಯಿಯ ಸಮಾಧಿಗೆ ಹೋಗ್ತಾನೆ. ಕಲ್ಲಿನ ಮೇಲೆ ಒಂದು ವಾಕ್ಯ ಕೆತ್ತಿದೆ. ಯಾವುದು? 1 ಕೊರಿಂಥ 15:26. ತೆಗೆದು ನೋಡಿ. ಅದೇ ಸ್ಮಶಾನದಲ್ಲಿ ಇನ್ನೊಂದು ಸಮಾಧಿಯ ಮೇಲೆ ಮತ್ತಾಯ 6:21. ಪುಸ್ತಕದಲ್ಲಿ ಅಧ್ಯಾಯ ವಚನ ಕೊಟ್ಟಿಲ್ಲ. ಹ್ಯಾರಿಗೆ ಅರ್ಥವೂ ಆಗೋದಿಲ್ಲ, ಅವನಿಗೆ ಸತ್ಯವೇದ ಯಾರೂ ಓದಿಸಿರಲಿಲ್ಲ. ಆ ಪುಟ ಬಂದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಸಮಾಧಿ ಆರಾಧನೆಯಲ್ಲಿ ನಾನು ಓದೋ ಅದೇ ಅಧ್ಯಾಯ ಅದು.

ಇದರಿಂದ ಇದು ಕ್ರೈಸ್ತ ಪುಸ್ತಕ ಅಂತ ನಾನು ಹೇಳ್ತಿಲ್ಲ. ಏಳು ಪುಸ್ತಕದಲ್ಲಿ ಕ್ರಿಸ್ಮಸ್ ಬರ್ತದೆ, ಊಟ ಬರ್ತದೆ, ಉಡುಗೊರೆ ಬರ್ತದೆ, ಕ್ರಿಸ್ತನು ಬರೋದಿಲ್ಲ. ಅಷ್ಟೊಂದು ಸಾವು, ಅಷ್ಟೊಂದು ಭಯ, ಒಂದು ಮಗುವೂ ಮೊಣಕಾಲೂರಿ ಪ್ರಾರ್ಥನೆ ಮಾಡೋದಿಲ್ಲ. ಮಕ್ಕಳು ಸುಳ್ಳು ಹೇಳ್ತಾರೆ, ನಿಯಮ ಮುರೀತಾರೆ, ಕೆಲವು ಸಲ ಅದಕ್ಕೇ ಬಹುಮಾನ ಸಿಗ್ತದೆ. ಕಣಿ ಹೇಳೋ ಟೀಚರನ್ನು ನಗೆಪಾಟಲು ಮಾಡಿದ್ದಾರೆ, ಒಳ್ಳೇದು. ಆದ್ರೆ ಕಥೆಯ ಬೆನ್ನೆಲುಬೇ ಆಕೆ ಒಂದು ಸಲ ಹೇಳಿದ ನಿಜವಾದ ಭವಿಷ್ಯದ ಮಾತು. ಕೊನೆಯ ಪುಸ್ತಕದಲ್ಲಿ ಸತ್ತವರನ್ನು ನೆರಳಿನ ಹಾಗೆ ಕರೆಸೋ ಒಂದು ಕಲ್ಲು ಬರ್ತದೆ. ಅದನ್ನು ಬಳಸಿದ ಹಿಂದಿನವನೊಬ್ಬ ಹುಚ್ಚು ಹಿಡಿದು ಸತ್ತ ಅಂತ ಕಥೆಯೇ ಎಚ್ಚರಿಸ್ತದೆ. ಹಾಗಿದ್ದೂ ಹ್ಯಾರಿ ಅದನ್ನು ಬಳಸ್ತಾನೆ, ಅದು ಅವನಿಗೆ ಧೈರ್ಯ ಕೊಡ್ತದೆ. ಇಲ್ಲಿ ನಾನು ನಿಲ್ಲುತ್ತೇನೆ. ಸೌಲನು ಏಂದೋರಿನ ಹೆಂಗಸಿನ ಹತ್ತಿರ ಹೋದ ರಾತ್ರಿ ನೆನಪಿದೆಯಾ, 1 ಸಮುವೇಲ 28? ಅವನು ಧೈರ್ಯ ಹುಡುಕಿಕೊಂಡೇ ಹೋಗಿದ್ದ, ನೆಲಕ್ಕೆ ಬಿದ್ದ. ತಂದೆಯೋ ತಾಯಿಯೋ ತೀರಿಹೋದ ಮಗು ನಿಮ್ಮ ಮನೆಯಲ್ಲಿದ್ದರೆ ಆ ಅಧ್ಯಾಯವನ್ನು ಅದು ಒಂಟಿಯಾಗಿ ಓದೋದು ಬೇಡ. ಜೊತೆಗೆ ಕೂತುಕೊಳ್ಳಿ.

ಈಗ ಮಾಟದ ವಿಷಯ. ಪೆಂತೆಕೊಸ್ತಿನವರಾದ ನಮಗೆ ಮಾಟ ಕಥೆಯಲ್ಲ. ಅದರ ಕಟ್ಟಿನಿಂದ ಬಿಡುಗಡೆಯಾದವರು ಇಲ್ಲೇ ಕೂತಿದ್ದೀರಿ. ಸ್ತೋತ್ರ! ಅದಕ್ಕೇ ಕೇಳ್ತೇನೆ, ನಮ್ಮ ಬಸ್ ಸ್ಟ್ಯಾಂಡಿನ ಗೋಡೆ ನೋಡಿ. ಸ್ತ್ರೀ ಪುರುಷ ವಶೀಕರಣ, 24 ಗಂಟೆಯಲ್ಲಿ ಪರಿಹಾರ, ಕೆಳಗೆ ಫೋನ್ ನಂಬರು. ಕರ್ನಾಟಕ ಸರ್ಕಾರ 2017ರಲ್ಲಿ ಮಾಟ ಮಂತ್ರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನು ಮಾಡಿತು, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಪೋಸ್ಟರು ಮಾತ್ರ ಹಾಗೇ ಇದೆ. ನಾವು ಅದರ ಕೆಳಗೇ ಬಸ್ಸಿಗೆ ಕಾಯ್ತೇವೆ. ಹ್ಯಾರಿ ಪಾಟರ್ ಬಗ್ಗೆ ಪ್ರಸಂಗ ಮಾಡಿದ ನಾನು ಆ ಪೋಸ್ಟರ್ ಬಗ್ಗೆ ಎಷ್ಟು ಸಲ ಮಾತಾಡಿದ್ದೇನೆ?

ಆರನೇ ಪುಸ್ತಕದಲ್ಲಿ ಏನಿದೆ ಗೊತ್ತಾ? ಆ ದುಷ್ಟ ವೊಲ್ಡೆಮಾರ್ಟ್ ಹುಟ್ಟಿದ್ದು ಹೇಗೆ ಅಂತ ಇದೆ. ಅವನ ತಾಯಿ ತನ್ನನ್ನು ತಿರುಗಿಯೂ ನೋಡದ ಒಬ್ಬ ಸಿರಿವಂತ ಯುವಕನಿಗೆ ವಶೀಕರಣದ ಮದ್ದು ಹಾಕಿ ಮದುವೆ ಆದಳು ಅಂತ ಕಥೆ ನಮಗೆ ತಿಳಿಸ್ತದೆ. ಬಸುರಿಯಾದ ಮೇಲೆ, ಈಗ ನಿಜವಾಗಿ ಪ್ರೀತಿಸ್ತಾನೆ ಅಂದುಕೊಂಡು ಮದ್ದು ನಿಲ್ಲಿಸಿದಳು. ಅವನು ಬಿಟ್ಟು ಹೋದ. ಅವಳು ಬೀದಿಗೆ ಬಿದ್ದು, ಅನಾಥಾಶ್ರಮದಲ್ಲಿ ಹೆತ್ತು, ಅಲ್ಲೇ ಸತ್ತಳು. ಆ ಮಗುವೇ ಮುಂದೆ ಪ್ರೀತಿ ಅಂದ್ರೇನು ಅಂತಲೇ ಗೊತ್ತಿಲ್ಲದ ಕೊಲೆಗಾರ ಆದ. ವಶೀಕರಣದ ವಿರುದ್ಧ ಇದಕ್ಕಿಂತ ಗಟ್ಟಿಯಾಗಿ ನಾನು ಪ್ರಸಂಗ ಮಾಡಿಲ್ಲ, ನಿಜ ಹೇಳ್ತೇನೆ. ಅದೇ ಪುಸ್ತಕದಲ್ಲಿ ಇಬ್ಬರು ಅವಳಿ ಹುಡುಗರು ತಮಾಷೆಯ ಅಂಗಡಿ ಇಟ್ಟು ಅಂಥದ್ದೇ ಮದ್ದು ಮಾರ್ತಾರೆ, ಅಲ್ಲಿ ನಗು. ಇದು ನನಗೆ ಹಿಡಿಸಲಿಲ್ಲ. ಓದಿದ ಆ ಹುಡುಗಿಗೆ ಕೇಳಿದೆ, "ಒಂದು ಕಡೆ ಶಾಪ, ಒಂದು ಕಡೆ ಜೋಕು, ಸರೀನಾ?" ಅಂತ. "ನನಗೂ ಅದು ಸರಿ ಅನ್ನಿಸಲಿಲ್ಲ ಅಂಕಲ್" ಅಂದಳು. ನೋಡಿ, ಮಕ್ಕಳು ವಿವೇಚನೆ ಮಾಡ್ತಾರೆ. ನಾವು ಕೇಳೋದಿಲ್ಲ.

ಎರಡನೇ ಪುಸ್ತಕದ್ದೂ ಒಂದು ಹೇಳಿ ಮುಂದೆ ಹೋಗ್ತೇನೆ. ಹನ್ನೊಂದು ವರ್ಷದ ಹುಡುಗಿಗೆ ಒಂದು ಹಳೇ ಡೈರಿ ಸಿಗ್ತದೆ. ಅವಳು ಬರೆದರೆ ಅದು ತಿರುಗಿ ಉತ್ತರ ಬರೀತದೆ. ತುಂಬಾ ಪ್ರೀತಿಯಿಂದ, ಸಮಾಧಾನದಿಂದ. ಅವಳು ತನ್ನ ಮನಸ್ಸನ್ನೆಲ್ಲ ಸುರೀತಾಳೆ. ಸ್ವಲ್ಪ ದಿನಕ್ಕೆ ಅವಳ ಕೈಯಿಂದ ಅವಳಿಗೇ ಗೊತ್ತಿಲ್ಲದ ಕೆಲಸಗಳು ನಡೆಯೋಕೆ ಶುರು. ರಾತ್ರಿ ಒಂದು ಗಂಟೆಗೆ ಮುಸುಕು ಹಾಕಿಕೊಂಡು ಮುಖ ಗೊತ್ತಿಲ್ಲದವರ ಜೊತೆ ಚಾಟ್ ಮಾಡೋ ಮಕ್ಕಳೇ, ನಿಮಗೆ ಬೇರೆ ವಿವರಣೆ ಬೇಕಾ?

ಸರಿ. ಅಪೊಸ್ತಲರ ಕೃತ್ಯಗಳು 19 ತೆಗೆಯಿರಿ. ಪುಸ್ತಕ ಸುಡೋರೆಲ್ಲ ತೋರಿಸೋ ವಾಕ್ಯ ಇದೇ, ನಾನೂ ತೋರಿಸಿದ್ದೇನೆ. ಎಫೆಸ ಪಟ್ಟಣ ಮಂತ್ರವಿದ್ಯೆಗೆ ಹೆಸರಾದ ಊರು. ಎಫೆಸದ ಅಕ್ಷರಗಳು ಅಂತ ಒಂದು ಮಂತ್ರದ ಪದಗಳ ಸಾಲೇ ಆ ಕಾಲದ ಲೋಕದಲ್ಲಿ ಪ್ರಸಿದ್ಧವಾಗಿತ್ತು, ಅದನ್ನು ಬರೆದು ತಾಯಿತದ ಹಾಗೆ ಕಟ್ಟಿಕೊಳ್ತಿದ್ದರು. ಅಲ್ಲಿ ಸುಟ್ಟದ್ದು ಕಥೆ ಪುಸ್ತಕ ಅಲ್ಲ, ಕಸುಬಿನ ಪುಸ್ತಕ. ಬೆಲೆ ಲೆಕ್ಕ ಹಾಕಿದರು, 50,000 ಬೆಳ್ಳಿ ನಾಣ್ಯ. ಒಂದು ನಾಣ್ಯ ಅಂದ್ರೆ ಹೆಚ್ಚು ಕಡಿಮೆ ಒಬ್ಬ ಕೂಲಿಯ ಒಂದು ದಿನದ ಸಂಬಳ. ಮಾರಿದ್ರೆ ದೊಡ್ಡ ಹಣ ಬರ್ತಿತ್ತು, ಮಾರಲಿಲ್ಲ.

ಈಗ ನನ್ನ ಪ್ರಶ್ನೆ. ಆ ಪುಸ್ತಕಗಳನ್ನು ತಂದವರು ಯಾರು? ಪೌಲನಾ? ಪೌಲನು ಮನೆ ಮನೆಗೆ ಹೋಗಿ ಕಪಾಟು ತೆಗೆಸಿದನಾ? 18ನೇ ವಚನ ನೋಡಿ, 19ನೇ ವಚನ ನೋಡಿ. ಅವರೇ ಬಂದರು, ಅವರೇ ಒಪ್ಪಿಕೊಂಡರು, ತಮ್ಮದನ್ನು ತಾವೇ ತಂದರು. ಆ ಬೆಂಕಿಯಲ್ಲಿ ಬೇರೆಯವರ ಕೈಯಿಂದ ಕಿತ್ತುಕೊಂಡ ಒಂದು ಹಾಳೆಯೂ ಇರಲಿಲ್ಲ.

ನನ್ನ ಬೆಂಕಿಯಲ್ಲಿ ಇತ್ತು.

2004ರ ಜುಲೈ. ನಮ್ಮದು ಆಗ ಶೀಟು ಹೊದಿಸಿದ ಸಣ್ಣ ಸಭೆ. ಮೂರು ದಿನದ ಉಪವಾಸ ಪ್ರಾರ್ಥನೆ ಮುಗಿದು, ಹೊಸದಾಗಿ ರಕ್ಷಣೆಗೆ ಬಂದ ಎರಡು ಕುಟುಂಬದವರು ತಮ್ಮ ತಾಯಿತ, ಯಂತ್ರದ ತಗಡು, ದಾರ ಎಲ್ಲ ತಂದಿದ್ದರು. ಅಂಗಳದಲ್ಲಿ ಬೆಂಕಿ ಹಾಕಿದ್ದೆವು. ಅವರು ತಾವೇ ಹಾಕಿದರು, ಅಳ್ತಾ ಹಾಕಿದರು, ಅದು ದೇವರ ಕಾರ್ಯ. ಅಲ್ಲೇ ಎಂಟನೇ ಕ್ಲಾಸಿನ ಒಬ್ಬ ಹುಡುಗ ನಿಂತಿದ್ದ, ಸ್ಕೂಲ್ ಬ್ಯಾಗಿನಿಂದ ಪುಸ್ತಕದ ತುದಿ ಕಾಣ್ತಿತ್ತು. ಮೊದಲ ಹ್ಯಾರಿ ಪಾಟರ್. ನಾನು ಕಿತ್ತುಕೊಂಡೆ. "ಪಾಸ್ಟರ್, ಅದು ಲೈಬ್ರರಿದು" ಅಂದ. ನನಗೆ ಅಭಿಷೇಕದ ಬಿಸಿ. ಬೆಂಕಿಗೆ ಹಾಕಿಬಿಟ್ಟೆ. ಜನ ಚಪ್ಪಾಳೆ ಹೊಡೆದರು.

ಶಾಲೆಯವರು ದಂಡ ಹಾಕಿದರು. ಅವನ ತಂದೆ, ನಮ್ಮ ಸಭೆಯ ಅಣ್ಣ, ನನಗೆ ಒಂದು ಮಾತೂ ಹೇಳದೆ ಕಟ್ಟಿದರು. ಹುಡುಗ ಒಂದೆರಡು ವರ್ಷ ಅಪ್ಪನ ಜೊತೆ ಬಂದ, ಆಮೇಲೆ ಬರಲಿಲ್ಲ. ನಾನು ಪ್ರಾರ್ಥನೆ ವಿನಂತಿಯಲ್ಲಿ ಅವನ ಹೆಸರು ಓದಿಸ್ತಿದ್ದೆ, ದಾರಿ ತಪ್ಪಿದ ಮಗ ಅಂತ.

ಈ ಎಂಟು ತಿಂಗಳ ಓದು ಮುಗಿದ ಮೇಲೆ ಅವನ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಈಗ ಪುಣೆಯಲ್ಲಿ ಕೆಲಸ, ಮದುವೆ ಆಗಿದೆ, ಒಂದು ಮಗು. ನಾನು ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಪಾಸ್ಟರ್, ನೀವು ಕನ್ನಡಿಯ ಅಧ್ಯಾಯ ಓದಿದ್ರಾ?"

ಓದಿದ್ದೆ. ಮೊದಲ ಪುಸ್ತಕದ 12ನೇ ಅಧ್ಯಾಯ. ರಾತ್ರಿ ಹೊತ್ತು ಆ ಹುಡುಗ ಹ್ಯಾರಿ ಒಂದು ಖಾಲಿ ಕೋಣೆಯಲ್ಲಿ ದೊಡ್ಡ ಕನ್ನಡಿ ನೋಡ್ತಾನೆ. ಅದರಲ್ಲಿ ಅವನ ಹಿಂದೆ ಅವನ ತೀರಿಹೋದ ಅಮ್ಮ ಅಪ್ಪ ನಿಂತಿದ್ದಾರೆ, ನಗ್ತಿದ್ದಾರೆ, ಅಮ್ಮ ಅಳ್ತಾನೂ ಇದ್ದಾಳೆ. ತಿರುಗಿ ನೋಡಿದರೆ ಯಾರೂ ಇಲ್ಲ. ನೋಡುವವನ ಹೃದಯದ ಆಳದ ಆಸೆ ತೋರಿಸೋ ಕನ್ನಡಿ ಅದು. ಮಾರನೇ ರಾತ್ರಿ ಮತ್ತೆ ಹೋಗ್ತಾನೆ, ಅದರ ಮಾರನೇ ರಾತ್ರಿಯೂ. ಊಟ ಮರೀತಾನೆ. ಮೂರನೇ ರಾತ್ರಿ ಮುದುಕ ಹೆಡ್ ಮಾಸ್ಟರ್ ಬಂದು ಅವನ ಪಕ್ಕ ನೆಲದ ಮೇಲೆ ಕೂತು ಮಾತಾಡ್ತಾರೆ. ಬೈಯೋದಿಲ್ಲ. ಇದರ ಮುಂದೆ ಕೂತು ಬದುಕು ಕಳೆದುಕೊಂಡವರು ಇದ್ದಾರೆ, ನಾಳೆ ಇದನ್ನು ಬೇರೆ ಕಡೆ ಸಾಗಿಸ್ತೇವೆ, ಹುಡುಕಿಕೊಂಡು ಹೋಗಬೇಡ ಅಂತ ಹೇಳಿ ಕಳಿಸ್ತಾರೆ.

2003ರಲ್ಲಿ ಆ ಹುಡುಗನ ತಾಯಿ ತೀರಿಕೊಂಡಿದ್ದರು. ಸಮಾಧಿ ಮಾಡಿದವನು ನಾನೇ. ಅಳಬೇಡ ಮಗನೇ, ಅಮ್ಮ ಕರ್ತನ ಹತ್ತಿರ ಇದ್ದಾಳೆ ಅಂತ ಹೇಳಿ ತಲೆ ಮುಟ್ಟಿ ಬಂದಿದ್ದೆ. ಅದಾದ ಮೇಲೆ ಅವನ ಹತ್ತಿರ ಅವನ ಅಮ್ಮನ ಬಗ್ಗೆ ನಾನು ಮಾತಾಡಿದ ನೆನಪಿಲ್ಲ. "ಆ ಅಧ್ಯಾಯ ಮೂರು ಸಲ ಓದಿದ್ದೆ ಪಾಸ್ಟರ್" ಅಂದ. "ಅಮ್ಮನ ಫೋಟೋ ಮುಂದೆ ನಾನೂ ಹಾಗೇ ಕೂತಿರ್ತಿದ್ದೆ. ಪುಸ್ತಕ ಸುಟ್ಟಿದ್ದಕ್ಕೆ ಅಷ್ಟು ಬೇಜಾರಿಲ್ಲ, ಆಮೇಲೆ ಬೇರೆ ಕಡೆ ತಗೊಂಡು ಓದಿದೆ. ಯಾಕೋ ಇದನ್ನ ಓದ್ತಿದ್ದೀಯಾ ಅಂತ ನೀವು ಒಂದು ಮಾತು ಕೇಳಲಿಲ್ಲ."

ಪ್ರಿಯರೇ, ನಾನು ನೆಲದ ಮೇಲೆ ಕೂತ ಆ ಹೆಡ್ ಮಾಸ್ಟರನ್ನು ನೆನೆಸಿಕೊಂಡೆ. ಸುಳ್ಳು ಕಥೆಯ ಮನುಷ್ಯ. ನನಗಿಂತ ಒಳ್ಳೇ ಕುರುಬ.

ಈಗ ಪಾಲಕರ ಪ್ರಶ್ನೆ ನನಗೆ ಗೊತ್ತು. "ಹಾಗಾದ್ರೆ ಓದಿಸಬೇಕಾ ಪಾಸ್ಟರ್?" ದಾನಿಯೇಲ 1ನೇ ಅಧ್ಯಾಯ ನೋಡಿ. ಬಾಬೆಲಿನಲ್ಲಿ ಆ ಯೌವನಸ್ಥನಿಗೆ ಎರಡು ಬಡಿಸಿದರು: ಅರಸನ ಊಟ, ಕಸ್ದೀಯರ ಸಾಹಿತ್ಯ. ಊಟ ಬೇಡ ಅಂದ. ಸಾಹಿತ್ಯ ಓದಿದ, ಚೆನ್ನಾಗಿ ಓದಿದ, ಅದರಲ್ಲಿ ದೇವರೇ ಅವನಿಗೆ ಬುದ್ಧಿ ಕೊಟ್ಟನು ಅಂತ 17ನೇ ವಚನದಲ್ಲಿದೆ. ಆದ್ರೆ 2ನೇ ಅಧ್ಯಾಯದಲ್ಲಿ ಅರಸನ ಕನಸು ಬಂದಾಗ ಮಾಂತ್ರಿಕರ ದಾರಿ ಹಿಡಿಯಲಿಲ್ಲ, ಗೆಳೆಯರ ಜೊತೆ ಪ್ರಾರ್ಥನೆಗೆ ಕೂತ. ಪೌಲನು ಅಥೇನೆಯಲ್ಲಿ ನಿಂತು ಮಾತಾಡುವಾಗ ಗ್ರೀಕರ ಕವಿಯ ಮಾತನ್ನೇ ಬಳಸಿದ, ಅರಾಟಸ್ ಅನ್ನೋ ಕವಿ. ಓದದೇ ಇದ್ದರೆ ಬಳಸೋಕೆ ಆಗ್ತಿತ್ತಾ?

ಎಲ್ಲ ಮಗುವಿಗೂ ಒಂದೇ ಉತ್ತರ ನನ್ನ ಹತ್ತಿರ ಇಲ್ಲ. ಎಂಟು ವರ್ಷದ ಮಗುವಿಗೆ ನಾಲ್ಕನೇ ಪುಸ್ತಕದ ನಂತರದ್ದು ಬೇಡ, ಅಲ್ಲಿಂದ ಕಥೆ ಕತ್ತಲಾಗ್ತದೆ, ಮಕ್ಕಳೇ ಸಾಯ್ತಾರೆ. ಮಾಟದ ಭಯದಿಂದ ಈಚೆಗಷ್ಟೇ ಹೊರಗೆ ಬಂದ ಮನೆಯವರು ಸದ್ಯಕ್ಕೆ ಇದನ್ನು ಬಿಟ್ಟುಬಿಡಿ. ನಿಮ್ಮ ಮನಸ್ಸಾಕ್ಷಿ ಬೇಡ ಅಂದ್ರೆ ಬೇಡ, ಯಾರೂ ನಿಮ್ಮನ್ನು ಹಳೇ ಕಾಲದವರು ಅನ್ನಬಾರದು. ನಾರ್ನಿಯಾ ಕಥೆಯಲ್ಲೂ ಮಾಟಗಾತಿ ಇದ್ದಾಳೆ, ಅದನ್ನು ಸಂಡೇ ಸ್ಕೂಲಿನಲ್ಲಿ ತೋರಿಸಿದ್ದೇವೆ, ಇದನ್ನು ಸುಟ್ಟಿದ್ದೇವೆ; ಯಾಕೆ ಅಂತ ಹಿರಿಯರು ಕೂತು ಯೋಚಿಸಬೇಕು. ಬರೆದವನು ನಮ್ಮವನು ಅನ್ನೋದು ಮಾತ್ರ ಕಾರಣ ಆಗಿದ್ರೆ ಅದು ವಿವೇಚನೆ ಅಲ್ಲ. ಯೌವನಸ್ಥರೇ, ನಿಮಗೂ ಒಂದು. ಹ್ಯಾರಿಯ ಶಾಲೆಯ ನಾಲ್ಕು ಮನೆಗಳ ಹೆಸರು ನಿಮಗೆ ಬಾಯಿಪಾಠ. ನಾಲ್ಕು ಸುವಾರ್ತೆಯಲ್ಲಿ ಒಂದನ್ನಾದರೂ ಮೊದಲಿಂದ ಕೊನೆವರೆಗೆ ಒಂದೇ ಸಲಕ್ಕೆ ಓದಿದವರು ಕೈ ಎತ್ತಿ. (ಸಭೆಯಲ್ಲಿ ಮೌನ.) ಸರಿ, ಇಳಿಸಿ, ಎತ್ತಿದವರು ಯಾರೂ ಇಲ್ಲ.

ಬರುವ ತಿಂಗಳಿಂದ ಮೂರನೇ ಶನಿವಾರ ಸಂಜೆ ಐದಕ್ಕೆ ಇಲ್ಲೇ ಕೂಡೋಣ. ಮಕ್ಕಳು ಓದ್ತಿರೋ ಪುಸ್ತಕ ತರಲಿ, ಮುಚ್ಚಿಟ್ಟುಕೊಂಡು ಓದ್ತಿರೋದನ್ನೂ ತರಲಿ. ಯಾರೂ ಕಿತ್ತುಕೊಳ್ಳೋದಿಲ್ಲ, ಅದಕ್ಕೆ ನಾನು ಜವಾಬ್ದಾರಿ. ಒಂದು ಅಧ್ಯಾಯ ಅದರಿಂದ, ಒಂದು ಅಧ್ಯಾಯ ಸತ್ಯವೇದದಿಂದ. ಮೊದಲ ಸಲ ನಡೆಸಿಕೊಡೋದು ಆ ಒಂಬತ್ತನೇ ಕ್ಲಾಸಿನ ಹುಡುಗಿ. ಈಗ ಹತ್ತನೇ ಕ್ಲಾಸು. ಕನ್ನಡಿಯ ಅಧ್ಯಾಯ ಆರಿಸಿದ್ದಾಳೆ, ಜೊತೆಗೆ 1 ಕೊರಿಂಥ 13:12. ನಾನು ಹೇಳಿಕೊಟ್ಟದ್ದಲ್ಲ.

ಹೋದ ವಾರ ಆ ಅಣ್ಣನ ಮನೆಗೆ ಹೋಗಿದ್ದೆ. ಅಂದು ಕಟ್ಟಿದ ದಂಡದ ಹಣ ಒಂದು ಕವರಿನಲ್ಲಿ, ಹೊಸ ಪುಸ್ತಕ ಒಂದು ಚೀಲದಲ್ಲಿ. ಕವರನ್ನು ಅವರು ನನ್ನ ಜೇಬಿಗೇ ವಾಪಸ್ ತುರುಕಿದರು. ಪುಸ್ತಕ ತಗೊಂಡರು. ಮಗ ಡಿಸೆಂಬರಿಗೆ ಬರ್ತಾನಂತೆ, ಅಲ್ಲಿವರೆಗೆ ಧೂಳು ಕೂರಬಾರದು ಅಂತ ನ್ಯೂಸ್ ಪೇಪರಿನಲ್ಲಿ ಸುತ್ತಿ ಅಮ್ಮನ ಫೋಟೋದ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದಾರೆ.

ಎದ್ದು ನಿಲ್ಲೋಣ. ಪ್ರಾರ್ಥನೆ ಮಾಡೋಣ.